ಬುಧವಾರ ಸಂಜೆ ದೋಣಿಗೆ ಜನ ಬೇಕು

ಸ್ಯಾನ್ ಫ್ರಾನ್ಸಿಸ್ಕೊ ಬೇ ಏರಿಯಾದ ಕನ್ನಡ ಬಂಧುಗಳಿಗೆ,



ನಿಮ್ಮಲ್ಲಿ ಒಂದು ಕೋರಿಕೆ ಇದೆ. ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ, ವಾರದ ನಡುವಿನ ಸಂಜೆಗಳಲ್ಲಿ, ನಾವು ವಾಸಿಸುವ ಈ ಕೊಲ್ಲಿಯ ದಡದ ಯಾಟ್ ಕ್ಲಬ್ಬುಗಳು ಹಾಯಿದೋಣಿಗಳ ಸಣ್ಣ ರೇಸ್ ನಡೆಸುತ್ತವೆ. ಅದಕ್ಕೆ ಬಹುಮಾನದ ಹಣವಿಲ್ಲ, ನೋಡಲು ಜನ ಸೇರುವುದಿಲ್ಲ. ಕೆಲಸ ಮುಗಿಸಿ ಬಂದವರು ದೋಣಿ ಬಿಚ್ಚಿ, ಒಂದೂವರೆ ತಾಸು ಗಾಳಿಯ ಜೊತೆ ಹೆಣಗಿ, ಕತ್ತಲಾಗುವುದರೊಳಗೆ ದಡ ಸೇರಿ, ಒಟ್ಟಿಗೆ ಊಟ ಮಾಡಿ ಮನೆಗೆ ಹೋಗುತ್ತಾರೆ. ಆ ದೋಣಿಗಳಲ್ಲಿ ಎಷ್ಟೋ ದೋಣಿಗಳಿಗೆ ಜನ ಸಾಲುವುದಿಲ್ಲ. ನೀವು ಬರಬೇಕು ಅಂತ ಕೇಳುವುದಕ್ಕೇ ಈ ಪತ್ರ ಬರೆಯುತ್ತಿದ್ದೇನೆ.

ಸನ್ನಿವೇಲ್, ಫ್ರೀಮಾಂಟ್, ಮಿಲ್ಪಿಟಸ್, ಫಾಸ್ಟರ್ ಸಿಟಿ, ಹೀಗೆ ನಮ್ಮವರ ಮನೆಗಳೆಲ್ಲ ಈ ನೀರನ್ನು ಸುತ್ತುವರಿದೇ ಇವೆ. ನಮ್ಮಲ್ಲಿ ಎಷ್ಟೋ ಜನ ದಿನಾ ಎರಡು ಹೊತ್ತು ಸ್ಯಾನ್ ಮಟೆಯೊ ಸೇತುವೆಯನ್ನೋ ಡಂಬಾರ್ಟನ್ ಸೇತುವೆಯನ್ನೋ ದಾಟುತ್ತೇವೆ. ಸ್ಯಾನ್ ಮಟೆಯೊ ಸೇತುವೆಯೊಂದೇ 7 ಮೈಲಿ ಉದ್ದ. ಅಷ್ಟುದ್ದ ನೀರಿನ ಮೇಲೆ ಹೋಗುವಾಗಲೂ ನಮ್ಮ ಕಣ್ಣು ಮುಂದಿನ ಕಾರಿನ ಕೆಂಪು ದೀಪದ ಮೇಲಿರುತ್ತದೆ. ಊರಿನಿಂದ ಅಪ್ಪ ಅಮ್ಮ ಬಂದಾಗ ಗೋಲ್ಡನ್ ಗೇಟ್ ತೋರಿಸುತ್ತೇವೆ, ಪಿಯರ್ 39ಕ್ಕೆ ಕರೆದೊಯ್ಯುತ್ತೇವೆ, ಅಲ್ಕಟ್ರಾಜ್ ಫೆರಿ ಹತ್ತಿಸುತ್ತೇವೆ. ಅಲ್ಲಿಗೆ ಕೊಲ್ಲಿಯ ಸಹವಾಸ ಮುಗಿಯಿತು. ಇಪ್ಪತ್ತು ವರ್ಷ ಇಲ್ಲೇ ಇದ್ದು, ಮನೆ ಕೊಂಡು, ಮಕ್ಕಳನ್ನು ಕಾಲೇಜಿಗೆ ಕಳಿಸಿ, ಒಂದು ಸಲವೂ ಈ ನೀರನ್ನು ಕೈಯಲ್ಲಿ ಮುಟ್ಟದವರು ನನ್ನ ಪರಿಚಯದಲ್ಲೇ ಬಹಳ ಮಂದಿ ಇದ್ದಾರೆ. ಇದು ನನಗೆ ದುಃಖದ ವಿಷಯ. ನಾನೂ ಬಯಲುಸೀಮೆಯಲ್ಲಿ ಹುಟ್ಟಿ ಬೆಳೆದ ಜೀವ. ನೀರು ಅಂದರೆ ಕೆರೆ, ಅದೂ ಮಳೆ ಬಂದ ವರ್ಷ. ನನ್ನಂಥವರಿಗೆ ಈ ನೀರಿನ ಮೇಲೆ ಇಷ್ಟು ಸಂತೋಷ ಸಿಕ್ಕಿದೆ ಅಂದರೆ ನಿಮಗೆ ಸಿಗದೇ ಇರಲು ಕಾರಣವಿಲ್ಲ.

ಯಾಟ್ ಕ್ಲಬ್ ಅಂದ ಕೂಡಲೇ ನಮ್ಮ ಮನಸ್ಸಿನಲ್ಲಿ ಒಂದು ಚಿತ್ರ ಬರುತ್ತದೆ. ಅದಕ್ಕೆ ಕಾರಣವೂ ಇದೆ. 2013ರ ಸೆಪ್ಟೆಂಬರ್‌ನಲ್ಲಿ ಇದೇ ಕೊಲ್ಲಿಯಲ್ಲಿ ಅಮೆರಿಕಾಸ್ ಕಪ್ ಹಾಯಿದೋಣಿ ಸ್ಪರ್ಧೆ ನಡೆದಾಗ ನಮ್ಮಲ್ಲಿ ಅನೇಕರು ದಡದಲ್ಲಿ ನಿಂತು ನೋಡಿದ್ದೆವು. ನ್ಯೂಜಿಲೆಂಡ್ 8, ಒರೇಕಲ್ 1 ಅನ್ನುವ ಸ್ಥಿತಿಯಿಂದ ಒರೇಕಲ್ ತಂಡ 9-8ರಲ್ಲಿ ಗೆದ್ದದ್ದು ಕ್ರೀಡಾ ಇತಿಹಾಸದಲ್ಲೇ ದೊಡ್ಡ ಸಂಗತಿ. 72 ಅಡಿಯ ಆ ದೋಣಿಗಳು ನೀರಿನಿಂದ ಮೇಲೆದ್ದು ಹಾರಿದ್ದನ್ನು ಕಂಡವರಿಗೆ ಇದು ಕೋಟ್ಯಧೀಶರ ಆಟ ಅನ್ನಿಸಿದ್ದು ಸಹಜ. ಬುಧವಾರ ಸಂಜೆಯ ದೋಣಿಗಳು ಬೇರೆ. ನಾನು ಹತ್ತುವ ದೋಣಿ ಕ್ಯಾಟಲಿನಾ 30. ಉದ್ದ 30 ಅಡಿ, ತೂಕ ಸುಮಾರು 4,600 ಕಿಲೊ. ಎಪ್ಪತ್ತು, ಎಂಬತ್ತರ ದಶಕದಲ್ಲಿ ಕುಟುಂಬಗಳಿಗೆಂದು ಸಾವಿರಾರು ಸಂಖ್ಯೆಯಲ್ಲಿ ಮಾಡಿದ ದೋಣಿ ಅದು. ಹಳೆಯದು ಬೇಕಾದರೆ ಬಳಸಿದ ಕಾರಿನ ಬೆಲೆಗೆ ಸಿಗುತ್ತದೆ. ಕಟ್ಟಿಹಾಕುವ ಜಾಗದ ತಿಂಗಳ ಬಾಡಿಗೆಯೇ ಭಾರ. ಆ ಭಾರವೂ ನಿಮ್ಮದಲ್ಲ. ಕ್ರೂ ಆಗಿ ಬಂದವರಿಂದ ದೋಣಿ ನಡೆಸುವ ಸ್ಕಿಪ್ಪರ್ ದುಡ್ಡು ತೆಗೆದುಕೊಳ್ಳುವ ಪದ್ಧತಿ ಈ ರೇಸುಗಳಲ್ಲಿ ಇಲ್ಲ. ನಮ್ಮ ಸ್ಕಿಪ್ಪರ್ ಎಪ್ಪತ್ತು ದಾಟಿದವರು, ಕಾರ್ಖಾನೆಯಲ್ಲಿ ಲೇತ್ ಮೇಲೆ ದುಡಿದು ನಿವೃತ್ತರಾದವರು. ಪಕ್ಕದ ದೋಣಿಯ ಚುಕ್ಕಾಣಿ ಹಿಡಿಯುವವರು ಒಬ್ಬ ಶಾಲಾ ಶಿಕ್ಷಕಿ.

ಈಗ ಗಾಳಿಯ ವಿಷಯ ಸ್ವಲ್ಪ ಹೇಳಬೇಕು, ಯಾಕೆಂದರೆ ಈ ಸಂಜೆಗಳನ್ನು ನಡೆಸುವುದೇ ಗಾಳಿ. ಬೇಸಿಗೆಯಲ್ಲಿ ಸ್ಯಾಕ್ರಮೆಂಟೊ, ಸ್ಟಾಕ್‌ಟನ್ ಕಡೆಯ ಬಯಲು ಕಾದು 38 ಡಿಗ್ರಿ ದಾಟುತ್ತದೆ. ಬಿಸಿಗಾಳಿ ಮೇಲೇರುತ್ತದೆ. ಆ ಜಾಗ ತುಂಬಲು ಪೆಸಿಫಿಕ್ ಸಾಗರದ ತಣ್ಣನೆಯ ಗಾಳಿ ಒಳನಾಡಿಗೆ ನುಗ್ಗುತ್ತದೆ. ಅಡ್ಡಲಾಗಿ ಕರಾವಳಿಯ ಗುಡ್ಡಗಳಿವೆ. ಅದಕ್ಕೆ ಸಿಗುವ ದೊಡ್ಡ ಬಾಗಿಲು ಒಂದೇ ಒಂದು ಮೈಲಿ ಅಗಲದ ಗೋಲ್ಡನ್ ಗೇಟ್. ಇನ್ನೊಂದು ಸಣ್ಣ ಬಾಗಿಲು ಸ್ಯಾನ್ ಬ್ರೂನೊ ಬಳಿಯ ಗುಡ್ಡಗಳ ತಗ್ಗು. ಅದರಿಂದ ಹೊಕ್ಕ ಗಾಳಿ ವಿಮಾನ ನಿಲ್ದಾಣದ ಮೇಲಿಂದ ಹಾದು ಕೊಯೋಟಿ ಪಾಯಿಂಟ್ ಮುಂದಿನ ನೀರನ್ನು ಕಲಕುತ್ತದೆ. ಮಧ್ಯಾಹ್ನ ಮನೆಯ ಹಿತ್ತಲಲ್ಲಿ ಎಲೆ ಅಲುಗದ ದಿನವೂ ಕೊಲ್ಲಿಯ ನಡುವೆ 20 ನಾಟ್ ವೇಗದ ಗಾಳಿ ಬೀಸುತ್ತಿರಬಹುದು. ಇಷ್ಟು ನಂಬಿಕಸ್ತ ಗಾಳಿ ಇರುವ ಜಾಗ ಅಮೆರಿಕದಲ್ಲಿ ಹೆಚ್ಚಿಲ್ಲ. ಅದು ನಮ್ಮ ಮನೆಬಾಗಿಲಲ್ಲೇ ಇದೆ.

ಸಂಜೆ ಹೇಗೆ ಸಾಗುತ್ತದೆ ಅನ್ನುವುದನ್ನು ಹೇಳುತ್ತೇನೆ. ಐದೂವರೆಗೆ ಹೋದರೆ ಹಾಯಿಗಳ ಮುಸುಕು ತೆಗೆಯುವುದು, ಹಗ್ಗಗಳನ್ನು ಸರಿಯಾದ ಕಡೆಗೆ ಹಾಯಿಸುವುದು, ಲೈಫ್ ಜಾಕೆಟ್ ಬಿಗಿದುಕೊಳ್ಳುವುದು. ಆರು, ಆರೂವರೆಯ ಹೊತ್ತಿಗೆ ದೋಣಿಗಳು ಸ್ಟಾರ್ಟ್ ಗೆರೆಯ ಸುತ್ತ ಸೇರುತ್ತವೆ. ಕ್ಲಬ್ಬಿನ ದೋಣಿಯ ಒಂದು ಬಾವುಟ ಮತ್ತು ನೀರಲ್ಲಿ ಲಂಗರು ಹಾಕಿ ತೇಲಿಸಿದ ಒಂದು ಮಾರ್ಕ್, ಇವೆರಡರ ನಡುವೆ ಕಣ್ಣಲ್ಲೇ ಎಳೆದುಕೊಳ್ಳಬೇಕಾದ ಗೆರೆ ಅದು. ಐದು ನಿಮಿಷ ಇರುವಾಗ ಒಂದು ಬಾವುಟ ಏರುತ್ತದೆ, ಹಾರ್ನ್ ಕೂಗುತ್ತದೆ. ನಾಲ್ಕು ನಿಮಿಷ ಇರುವಾಗ ನೀಲಿ ನಡುವೆ ಬಿಳಿ ಚೌಕದ ಇನ್ನೊಂದು ಬಾವುಟ. ಒಂದು ನಿಮಿಷ ಇರುವಾಗ ಅದು ಇಳಿಯುತ್ತದೆ. ಸೊನ್ನೆಗೆ ಮೊದಲಿನದೂ ಇಳಿದು ರೇಸ್ ಶುರು. ದೋಣಿಗೆ ಬ್ರೇಕ್ ಇಲ್ಲ. ಬೇಗ ದಾಟಿದರೆ ಹಿಂದಕ್ಕೆ ಬಂದು ಮತ್ತೆ ದಾಟಬೇಕು, ತಡವಾದರೆ ಮುಂದಿನವರು ನಿಮ್ಮ ಗಾಳಿ ಕದಿಯುತ್ತಾರೆ. ನೀರಿನ ಸೆಳೆತವೂ ಲೆಕ್ಕಕ್ಕೆ ಬರುತ್ತದೆ. ಗೋಲ್ಡನ್ ಗೇಟ್ ಹತ್ತಿರ ಇಳಿತದ ಸೆಳೆತ 4 ನಾಟ್ ದಾಟುವುದುಂಟು. ನಮ್ಮಂಥ ದೋಣಿಯ ಓಟವೇ ಆರು, ಆರೂವರೆ ನಾಟ್. ಆ ಐದು ನಿಮಿಷ ಸ್ಕಿಪ್ಪರ್ ಬೇರೆ ಮಾತು ಆಡುವುದಿಲ್ಲ. ಯಾರಾದರೊಬ್ಬರು ಗಡಿಯಾರ ನೋಡಿ ಸೆಕೆಂಡುಗಳನ್ನು ಜೋರಾಗಿ ಎಣಿಸುತ್ತಿರಬೇಕು. ಹೊಸಬರಿಗೆ ಕೊಡುವ ಮೊದಲ ಕೆಲಸಗಳಲ್ಲಿ ಇದೂ ಒಂದು. ಅದು ಸಣ್ಣ ಕೆಲಸ ಅಂತ ತಿಳಿಯಬೇಡಿ.

ಗಾಳಿಗೆ ಎದುರಾಗಿ ಹಾಯಿದೋಣಿ ನೇರ ಹೋಗಲಾರದು. ಅಡ್ಡಡ್ಡ, ಓರೆ ಓರೆಯಾಗಿ ಹತ್ತಬೇಕು. ದಿಕ್ಕು ಬದಲಿಸುವ ಆ ತಿರುವೇ ಟ್ಯಾಕ್. ಸ್ಕಿಪ್ಪರ್ "ರೆಡಿ?" ಅನ್ನುತ್ತಾರೆ. ಮುಂದಿನ ಹಾಯಿಯ ಹಗ್ಗ ಹಿಡಿದವರಿಬ್ಬರೂ "ರೆಡಿ" ಅಂದ ಮೇಲೇ ಚುಕ್ಕಾಣಿ ತಿರುಗುತ್ತದೆ. ಒಬ್ಬರು ಇತ್ತಲಿನ ಹಗ್ಗ ಬಿಡಬೇಕು. ಮೊದಲೇ ಬಿಟ್ಟರೆ ವೇಗ ಸಾಯುತ್ತದೆ, ತಡಮಾಡಿದರೆ ಹಾಯಿ ತಪ್ಪು ಬದಿಯಲ್ಲಿ ಉಬ್ಬಿಕೊಂಡು ದೋಣಿಯನ್ನು ಹಿಂದಕ್ಕೆ ತಳ್ಳುತ್ತದೆ. ಇನ್ನೊಬ್ಬರು ಅತ್ತಲಿನ ಹಗ್ಗವನ್ನು ವಿಂಚಿಗೆ, ಅಂದರೆ ಹಗ್ಗ ಬಿಗಿಯುವ ರಾಟೆಗೆ, ಎರಡು ಸುತ್ತು ಹಾಕಿಕೊಂಡು ಕಾದಿರಬೇಕು. ಸುತ್ತು ಯಾವಾಗಲೂ ಗಡಿಯಾರದ ಮುಳ್ಳು ತಿರುಗುವ ಕಡೆಗೆ. ಹಾಯಿ ಈಚೆ ಬರುತ್ತಿದ್ದಂತೆ ಕೈ ಮೇಲೆ ಕೈ ಹಾಕಿ ಸರಸರನೆ ಎಳೆದು, ಭಾರ ಬಿದ್ದ ಕೂಡಲೇ ಮೂರನೆಯ ಸುತ್ತು ಹಾಕಿ, ಹಿಡಿಕೆಯಿಂದ ತಿರುಗಿಸಬೇಕು. ಬೆರಳು ವಿಂಚಿನ ಹತ್ತಿರ ಹೋಗಬಾರದು. ಅಷ್ಟರಲ್ಲಿ ಉಳಿದವರು ದೊಡ್ಡ ಹಾಯಿಯ ಬುಡದ ಅಡ್ಡಕಂಬವಾದ ಬೂಮಿನ ಕೆಳಗೆ ತಲೆ ತಗ್ಗಿಸಿ ಆಚೆ ಬದಿಗೆ ದಾಟಿ ಅಂಚಿನ ಮೇಲೆ ಕಾಲು ಹೊರಗೆ ಚಾಚಿ ಕೂತಿರಬೇಕು, ವಾಲಿದ ದೋಣಿಯನ್ನು ತಮ್ಮ ಮೈಭಾರದಿಂದ ನೇರ ಮಾಡಲು. ಇದೆಲ್ಲ ಹತ್ತು ಸೆಕೆಂಡಿನ ಒಳಗೆ. ಸರಿಯಾಗಿ ಆದ ಟ್ಯಾಕಿನಲ್ಲಿ ಗದ್ದಲವೇ ಇರುವುದಿಲ್ಲ. ದೋಣಿ ಹೊರಳಿ, ಹಾಯಿ ಒಂದು ಸಲ ಪಟಪಟಿಸಿ, ಗಾಳಿ ತುಂಬಿ ಮತ್ತೆ ಓಟ. ಐದು ಜನ ಮಾತಿಲ್ಲದೆ ಒಂದೇ ಕೆಲಸ ಮಾಡಿದಾಗ ಆಗುವ ಸಂತೋಷ ನನಗೆ ಬೇರೆಲ್ಲೂ ಇಷ್ಟು ಚೊಕ್ಕವಾಗಿ ಸಿಕ್ಕಿಲ್ಲ.

ಒಂದೇ ರೇಸಿನಲ್ಲಿ ಹಳೆಯ ಭಾರದ ದೋಣಿ, ಹೊಸ ಹಗುರ ದೋಣಿ ಎರಡೂ ಓಡುತ್ತವೆ. ಹಾಗಾದರೆ ಗೆಲ್ಲುವವರು ಯಾರೆಂದು ಮೊದಲೇ ಗೊತ್ತಲ್ಲವೇ ಅನ್ನಬಹುದು. ಅದಕ್ಕೆ ಪಿಎಚ್‌ಆರ್‌ಎಫ್ ಅನ್ನುವ ಲೆಕ್ಕವಿದೆ. ಪ್ರತಿ ದೋಣಿಗೂ ಒಂದು ಅಂಕಿ, ಮೈಲಿಗೆ ಇಷ್ಟು ಸೆಕೆಂಡ್ ರಿಯಾಯಿತಿ ಅಂತ. ಒಂದು ದೋಣಿಯದು 170, ಇನ್ನೊಂದರದು 70 ಅನ್ನಿ. 5 ಮೈಲಿ ರೇಸಿನಲ್ಲಿ ವೇಗದ ದೋಣಿ ನಿಧಾನದ ದೋಣಿಗಿಂತ 8 ನಿಮಿಷ 20 ಸೆಕೆಂಡಿಗೂ ಹೆಚ್ಚು ಮುಂದೆ ಮುಟ್ಟಿದರೆ ಮಾತ್ರ ಗೆದ್ದಂತೆ. ಹಾಗಾಗಿ ದೊಡ್ಡ ದೋಣಿ ಕೊಂಡವರಿಗೆ ಅಷ್ಟರಿಂದಲೇ ಗೆಲುವು ಬರುವುದಿಲ್ಲ. ದಡಕ್ಕೆ ಕೊನೆಯದಾಗಿ ಬಂದ ದೋಣಿಯೇ ಆ ಸಂಜೆ ಗೆದ್ದಿದೆ ಅಂತ ಊಟದ ಹೊತ್ತಿಗೆ ತಿಳಿಯುವುದೂ ಉಂಟು.

ಇನ್ನು ನಾನು ಈ ಆಟವನ್ನು ಗೌರವಿಸಲು ಮುಖ್ಯ ಕಾರಣ. ಇಲ್ಲಿ ನೀರಿನ ಮೇಲೆ ಅಂಪೈರ್ ಇಲ್ಲ. ವರ್ಲ್ಡ್ ಸೇಲಿಂಗ್ ಸಂಸ್ಥೆ ನಾಲ್ಕು ವರ್ಷಕ್ಕೊಮ್ಮೆ ಪ್ರಕಟಿಸುವ ನಿಯಮಗಳ ಪುಸ್ತಕವಿದೆ. ಈಗ ನಡೆಯುತ್ತಿರುವುದು 2025–2028ರದು. ಬಲಗಡೆಯಿಂದ ಗಾಳಿ ಪಡೆಯುತ್ತಿರುವ ದೋಣಿಗೆ ಎಡಗಡೆಯಿಂದ ಪಡೆಯುತ್ತಿರುವುದು ದಾರಿ ಬಿಡಬೇಕು. ಮಾರ್ಕ್ ಮುಟ್ಟಿದರೆ ಒಂದು ಪೂರ್ತಿ ಸುತ್ತು, ದಾರಿ ಬಿಡದೆ ತಪ್ಪು ಮಾಡಿದರೆ ಎರಡು ಸುತ್ತು. ಆ ಸುತ್ತು ಹಾಕುವಂತೆ ಶಿಳ್ಳೆ ಊದುವವರಿಲ್ಲ. ತಪ್ಪು ಮಾಡಿದವರೇ ಒಪ್ಪಿಕೊಂಡು ಹಾಕಬೇಕು. ಒಂದು ಸಂಜೆ ಎಲ್ಲರಿಗಿಂತ ಮುಂದಿದ್ದ ದೋಣಿಯ ಹಿಂಬದಿ ಮಾರ್ಕಿಗೆ ಸವರಿತು. ನಾವು ಹಿಂದೆ ದೂರದಲ್ಲಿದ್ದೆವು, ನಮಗೆ ತಗಲಿದ್ದು ಕಾಣಿಸಿರಲಿಲ್ಲ. ಬಿಟ್ಟಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಆ ದೋಣಿ ನೇರ ಹೋಗುವ ಬದಲು ಪಕ್ಕಕ್ಕೆ ಸರಿದು, ಗಾಳಿಗೆ ಮುಖ ಮಾಡಿ ತಿರುಗಿ, ಪೂರ್ತಿ ಒಂದು ಸುತ್ತು ಹಾಕಿತು. ಅಷ್ಟರಲ್ಲಿ ಎರಡು ದೋಣಿಗಳು ಅದನ್ನು ದಾಟಿದವು. ಊಟದ ಹೊತ್ತಿಗೆ ಆ ಮಾತನ್ನು ಯಾರೂ ಎತ್ತಲಿಲ್ಲ, ಹೊಗಳಲೂ ಇಲ್ಲ, ಯಾಕೆಂದರೆ ಅದು ಅಲ್ಲಿ ಮಾಮೂಲಿ. ನಮ್ಮ ಮಕ್ಕಳು ನೋಡಬೇಕಾದ್ದು ಇದನ್ನು ಅಂತ ನನಗೆ ಬಲವಾಗಿ ಅನ್ನಿಸುತ್ತದೆ. ಆ ನಿಯಮಗಳ ಪುಸ್ತಕದ ಒಂದನೆಯ ನಿಯಮ ಗೆಲುವಿನ ಬಗ್ಗೆ ಅಲ್ಲ: ಅಪಾಯದಲ್ಲಿರುವ ಯಾರಿಗೇ ಆಗಲಿ, ರೇಸ್ ಬಿಟ್ಟಾದರೂ, ಸಾಧ್ಯವಿದ್ದ ಎಲ್ಲ ನೆರವು ಕೊಡಬೇಕು.

ನಮ್ಮ ಬದುಕಿನ ಬಗ್ಗೆಯೂ ಒಂದು ಮಾತು ಹೇಳುತ್ತೇನೆ, ತಪ್ಪು ತಿಳಿಯಬೇಡಿ. ಇಲ್ಲಿ ನಾವು ಯಾರನ್ನು ಭೇಟಿಯಾದರೂ ಎರಡನೆಯ ಪ್ರಶ್ನೆ ಯಾವ ಕಂಪನಿ ಅನ್ನುವುದು. ಮೂರನೆಯದು ಗ್ರೀನ್ ಕಾರ್ಡ್ ಎಲ್ಲಿಗೆ ಬಂತು ಅನ್ನುವುದು. ಕಂಪನಿ ಹೋದ ದಿನ ನಮ್ಮ ಪರಿಚಯವೂ ಅರ್ಧ ಹೋಗುತ್ತದೆ. ನಾನಿದ್ದ ಕಂಪನಿ ಒಂದು ವಸಂತದಲ್ಲಿ ನಮ್ಮ ತಂಡವನ್ನೇ ತೆಗೆದುಹಾಕಿತು. ಮನೆಯಿಂದ ಹೊರಬರಲು, ಹಬ್ಬದ ಕಾರ್ಯಕ್ರಮದಲ್ಲಿ ಮುಖ ತೋರಿಸಲು ಸಂಕೋಚ. ಸ್ಕಿಪ್ಪರ್‌ಗೆ ವಿಷಯ ತಿಳಿಸಿ, ಈ ವಾರ ಬರುವ ಮನಸ್ಸಿಲ್ಲ ಅಂದೆ. ಅವರು ಸಮಾಧಾನ ಹೇಳಲಿಲ್ಲ. "ಬುಧವಾರ ಗಾಳಿ ಜೋರಿದೆ, ಅಂಚಿನ ಮೇಲೆ ಕೂರಲು ಜನ ಬೇಕು, ಬೇಗ ಬಾ" ಅಂದರು. ಹೋದೆ. ಆ ಬೇಸಿಗೆ ಪೂರ್ತಿ ಹೋದೆ. ಅಲ್ಲಿ ನಾನು ಮುಂದಿನ ಹಾಯಿಯ ಹಗ್ಗ ಎಳೆಯುವ ಮನುಷ್ಯ, ಅಷ್ಟೇ. ನಾನು ಬರದಿದ್ದರೆ ಟ್ಯಾಕ್ ನಿಧಾನವಾಗುತ್ತಿತ್ತು. ಮದುವೆ ಮನೆಯಲ್ಲಿ ಸಾರಿನ ಬಕೆಟ್ ಹಿಡಿದು ಪಂಕ್ತಿಗೆ ಇಳಿದವರನ್ನು ಯಾರ ಕಡೆಯವರು ಅಂತ ಯಾರೂ ಕೇಳುವುದಿಲ್ಲ, ಅವರು ಮನೆಯವರೇ ಆಗಿಬಿಡುತ್ತಾರೆ. ದೋಣಿಯ ಮೇಲೂ ಹಾಗೇ. ಈ ದೇಶದವರ ಜೊತೆ ಗೆಳೆತನ ಆಗುವುದಿಲ್ಲ, ಮಾತು ಹವಾಮಾನದಿಂದ ಮುಂದೆ ಹೋಗುವುದಿಲ್ಲ ಅಂತ ಕೊರಗುವವರಿಗೆ ನಾನು ಕೊಡುವ ಸಲಹೆ ಇದೊಂದೇ: ಅವರ ಜೊತೆ ಒಂದು ಹಗ್ಗ ಎಳೆಯಿರಿ.

ನಿಮ್ಮ ಅನುಮಾನಗಳು ನನಗೆ ಗೊತ್ತು. ಇಲ್ಲಿನವರು ಈ ಸಂಜೆಗಳನ್ನು ಬಿಯರ್ ಕ್ಯಾನ್ ರೇಸ್ ಅಂತ ಕರೆಯುತ್ತಾರೆ. ಆ ಹೆಸರು ಕೇಳಿಯೇ ಕೆಲವರು ದೂರ ಉಳಿಯುತ್ತಾರೆ. ನಾನು ಕುಡಿಯುವುದಿಲ್ಲ. ಒಬ್ಬರೂ ಅದನ್ನು ಪ್ರಶ್ನಿಸಿಲ್ಲ. ನಮ್ಮ ದೋಣಿಯಲ್ಲಿ ರೇಸ್ ಮುಗಿಯುವವರೆಗೆ ಯಾರೂ ಡಬ್ಬಿ ತೆರೆಯುವುದಿಲ್ಲ. ಮಾಂಸ ತಿನ್ನದವರು ಕ್ಲಬ್ಬಿನ ಊಟಕ್ಕೆ ಚಿತ್ರಾನ್ನ ಕಟ್ಟಿಕೊಂಡು ಬನ್ನಿ, ಸ್ವಲ್ಪ ಹೆಚ್ಚೇ ತನ್ನಿ. ದೋಣಿಯ ಮೇಲೆ ತಿನ್ನಲು ಕೋಡುಬಳೆಯಷ್ಟು ಒಳ್ಳೆಯದು ಇನ್ನೊಂದಿಲ್ಲ. ಚೆಲ್ಲುವುದಿಲ್ಲ, ಒಂದೇ ಕೈಯಲ್ಲಿ ತಿನ್ನಬಹುದು. ರಾತ್ರಿ ಬೆಂಗಳೂರಿನ ತಂಡದ ಜೊತೆ ಕಾಲ್ ಇರುತ್ತದೆ ಅನ್ನುತ್ತೀರಿ. ಬೇಸಿಗೆಯಲ್ಲಿ ಇಲ್ಲಿನ ರಾತ್ರಿ 9 ಅಂದರೆ ಅಲ್ಲಿನ ಬೆಳಿಗ್ಗೆ 9:30. ಎಂಟರ ಹೊತ್ತಿಗೆ ದೋಣಿ ಕಟ್ಟಿ ಆಗಿರುತ್ತದೆ. ಜೂನಿನಲ್ಲಿ ಸೂರ್ಯ ಮುಳುಗುವುದೇ ಎಂಟೂವರೆಗೆ.

ನೀರಿನ ಭಯ ಮಾತ್ರ ನಿಜವಾದದ್ದು. ಅದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಕೊಲ್ಲಿಯ ನಡುಭಾಗದ ನೀರು ಬೇಸಿಗೆಯಲ್ಲೂ 13, 14 ಡಿಗ್ರಿ. ಅಂಥ ನೀರಿಗೆ ಬಿದ್ದರೆ ಮೊದಲ ನಿಮಿಷ ಉಸಿರು ಹಿಡಿತಕ್ಕೆ ಸಿಗುವುದಿಲ್ಲ, ಒಳ್ಳೆಯ ಈಜುಗಾರರಿಗೂ. ಹಾಗಾಗಿ ಲೈಫ್ ಜಾಕೆಟ್ ಹಾಕದೆ ದಡ ಬಿಡಬೇಡಿ. ಹಾಕಿಕೊಳ್ಳುವುದು ನಿಮ್ಮಿಷ್ಟ ಅನ್ನುವ ಸ್ಕಿಪ್ಪರ್ ಸಿಕ್ಕರೆ ಬೇರೆ ದೋಣಿ ನೋಡಿಕೊಳ್ಳಿ. ಈಜು ಬರುವುದಿಲ್ಲ ಅಂತಾದರೆ ಹತ್ತುವ ಮೊದಲೇ ಹೇಳಿ. ಮುಚ್ಚಿಡುವುದು ನಿಮಗೂ ಅಪಾಯ, ಅವರಿಗೂ. ಊರಿನ ಪೂಲ್‌ಗಳಲ್ಲಿ ದೊಡ್ಡವರಿಗೂ ಈಜು ಕಲಿಸುತ್ತಾರೆ, ನಲವತ್ತಾದ ಮೇಲೆ ಕಲಿತವರು ನಮ್ಮಲ್ಲೇ ಇದ್ದಾರೆ. ಜೀನ್ಸ್ ಬೇಡ, ಒದ್ದೆಯಾದರೆ ಮೈ ಕೊರೆಯುತ್ತದೆ. ಉಣ್ಣೆ ಬಟ್ಟೆ, ಮೇಲೊಂದು ಗಾಳಿ ತಡೆಯುವ ಜಾಕೆಟ್, ದೋಣಿಗೆ ಕಲೆ ಮಾಡದ ಅಡಿಯ ಶೂ, ಅಂಗೈಗೆ ಗ್ಲೌಸ್ ಇದ್ದರೆ ಸಾಕು.

ಹೆಣ್ಣುಮಕ್ಕಳಿಗೆ ವಿಶೇಷವಾಗಿ ಹೇಳುತ್ತೇನೆ. ಭಾರತೀಯ ನೌಕಾಪಡೆಯ ಆರು ಮಹಿಳೆಯರು ಗೋವಾದಲ್ಲಿ ಕಟ್ಟಿದ ತಾರಿಣಿ ಅನ್ನುವ ಹಾಯಿದೋಣಿಯಲ್ಲಿ 2017–18ರಲ್ಲಿ ಜಗತ್ತನ್ನು ಸುತ್ತಿ ಬಂದರು. ಅದೇ ದೋಣಿಯಲ್ಲಿ 2024–25ರಲ್ಲಿ ಇಬ್ಬರೇ ಅಧಿಕಾರಿಗಳು, ದಿಲ್ನಾ ಮತ್ತು ರೂಪಾ, ಮತ್ತೆ ಸುತ್ತಿದರು. ಇದು ನಮ್ಮವರಿಗೆ ಆಗದ ಕೆಲಸ ಅನ್ನುವ ಮಾತು ಇನ್ನು ನಿಲ್ಲಬೇಕು. ಬುಧವಾರದ ದೋಣಿಗಳಲ್ಲಿ ತೋಳಿನ ಬಲಕ್ಕಿಂತ ಸಮಯ ಪ್ರಜ್ಞೆಗೆ ಹೆಚ್ಚು ಬೆಲೆ. ಹೈಸ್ಕೂಲಿನ ಮಕ್ಕಳನ್ನೂ ಕರೆತನ್ನಿ. ಆದರೆ ದಯವಿಟ್ಟು ಕಾಲೇಜು ಅರ್ಜಿಯಲ್ಲಿ ಬರೆಯಲು ಇನ್ನೊಂದು ಸಾಲು ಅಂತ ಕರೆತರಬೇಡಿ. ಅವರ ವಾರದಲ್ಲಿ ಅಂಕವಿಲ್ಲದ ಒಂದು ಸಂಜೆಯಾದರೂ ಇರಲಿ.

ಬಂದ ಮೇಲೆ ಒಂದು ಹೊಣೆಯಿದೆ, ಅದನ್ನು ಖಡಾಖಂಡಿತವಾಗಿ ಹೇಳಬೇಕು. ಬರುತ್ತೇನೆ ಅಂದರೆ ಬನ್ನಿ. ನೋಡೋಣ, ಆದರೆ ಬರುತ್ತೇನೆ ಅನ್ನುವ ನಮ್ಮ ಅಭ್ಯಾಸ ಇಲ್ಲಿ ನಡೆಯುವುದಿಲ್ಲ. ಐದು ಜನ ಬೇಕಾದ ದೋಣಿಗೆ ಮೂವರೇ ಬಂದರೆ ಜೋರು ಗಾಳಿಯಲ್ಲಿ ಅದು ಹೊರಡಲಾರದು. ನಿಮ್ಮೊಬ್ಬರಿಂದ ಉಳಿದವರ ಸಂಜೆಯೂ ಹಾಳು. ಬರಲಾಗದಿದ್ದರೆ ಹಿಂದಿನ ದಿನವೇ ತಿಳಿಸಿ. ರೇಸ್ ಮುಗಿದ ಮೇಲೆ ಹಾಯಿ ಮಡಚದೆ, ಹಗ್ಗ ಸುತ್ತದೆ ಹೊರಡಬೇಡಿ. ಸ್ಟಾರ್ಟ್‌ನ ಐದು ನಿಮಿಷದಲ್ಲಿ ಫೋಟೊ ತೆಗೆಯಬೇಡಿ.

ಎಲ್ಲಿಗೆ ಹೋಗಬೇಕು ಅಂದರೆ: ಬುಧವಾರ ರೆಡ್‌ವುಡ್ ಸಿಟಿಯ ಸೆಕೋಯ ಯಾಟ್ ಕ್ಲಬ್, ಸ್ಯಾನ್ ಮಟೆಯೊದ ಕೊಯೋಟಿ ಪಾಯಿಂಟ್ ಯಾಟ್ ಕ್ಲಬ್. ದಕ್ಷಿಣ ಬೇಯಲ್ಲಿರುವ ನಮಗೆ ಇವೆರಡು ಹತ್ತಿರ. ಮಂಗಳವಾರ ಸಾಸಲಿಟೊ, ಶುಕ್ರವಾರ ಬರ್ಕ್ಲಿ ಮತ್ತು ಟಿಬ್ಯುರಾನ್. ಮೊದಲು ಕೈಗೆ ಸ್ವಲ್ಪ ಅಭ್ಯಾಸವಾಗಲಿ ಅನ್ನುವವರಿಗೆ ಬರ್ಕ್ಲಿಯಲ್ಲಿ ಸ್ವಯಂಸೇವಕರೇ ನಡೆಸುವ ಕ್ಯಾಲ್ ಸೇಲಿಂಗ್ ಕ್ಲಬ್ ಇದೆ. ಕಡಿಮೆ ಖರ್ಚಿನಲ್ಲಿ ಕಲಿಸುತ್ತಾರೆ. ಈ ವರ್ಷದ ದಿನಗಳನ್ನು ಕ್ಲಬ್ಬಿಗೆ ಫೋನ್ ಮಾಡಿ ಕೇಳಿಕೊಳ್ಳಿ. ಕ್ಲಬ್ಬಿನ ಬಾಗಿಲಲ್ಲಿ ನಿಂತು, ಹೊಸಬ, ಕ್ರೂ ಆಗಲು ಬಂದಿದ್ದೇನೆ ಅಂತ ಹೇಳಿದರೆ ಸಾಕು. ಸಿಯಾಟಲ್, ಶಿಕಾಗೊ, ಅನಾಪೊಲಿಸ್ ಕಡೆ ನಿಮ್ಮ ನೆಂಟರಿದ್ದರೆ ಅವರಿಗೂ ತಿಳಿಸಿ, ಅಲ್ಲೂ ವಾರದ ನಡುವೆ ಇಂಥ ರೇಸುಗಳಿವೆ.

ಮೊದಲ ಸಲ ಒಬ್ಬರೇ ಹೋಗಲು ಹಿಂಜರಿಕೆಯಾದರೆ ಜೊತೆಗೆ ಇನ್ನೊಬ್ಬರನ್ನು ಕರೆದುಕೊಂಡು ಹೋಗಿ. ಈ ಬುಧವಾರ ಐದೂವರೆಗೆ ಅಲ್ಲಿರಿ.

ಇಂತಿ,
ನಿಮ್ಮವರಲ್ಲೊಬ್ಬರು